ಗಾಣದ ಶೆಡ್ಡಿನ ಪ್ರಕರಣದಲ್ಲಿ ನಾನು ವಕಾಲತ್ತು ಹಾಕಿದ್ದೇಕೆ: ಬಾಗಲಕೋಟೆ ಜಿಲ್ಲೆಯ ಜನತೆಗೆ ಬಹಿರಂಗ ಪತ್ರ

ಜಿಲ್ಲೆಯ ನಾಗರಿಕ ಬಂಧುಗಳಿಗೆ ನಮಸ್ಕಾರಗಳು.

ಕಳೆದ ತಿಂಗಳು ನವನಗರದಲ್ಲಿ ನ್ಯಾಯಾಲಯದ ಹೊರಗೆ ಚಹಾ ಕುಡಿಯುತ್ತ ನಿಂತಿದ್ದಾಗ, ಇಪ್ಪತ್ತು ವರ್ಷಗಳಿಂದ ನನ್ನನ್ನು ಬಲ್ಲ ಹಿರಿಯರೊಬ್ಬರು ಹತ್ತಿರ ಬಂದು, "ವಕೀಲ ಸಾಹೇಬ್ರ, ನಿಮಗ ಬ್ಯಾರೆ ಕೇಸ ಸಿಗಲಿಲ್ಲೇನ್ರಿ? ನಮ್ಮ ಹುಡುಗರಿಗೆ ವಿಷಾ ಉಣಸೋರ ಪರವಾಗಿ ನಿಂತೀರೆಲ್ಲ" ಎಂದರು. ನಾನು ಅಲ್ಲಿ ಉತ್ತರ ಕೊಡಲಿಲ್ಲ. ಚಹಾದ ಅಂಗಡಿ ಅದಕ್ಕೆ ತಕ್ಕ ಸ್ಥಳವಾಗಿರಲಿಲ್ಲ, ಪ್ರಶ್ನೆಯೂ ಅವರೊಬ್ಬರದಾಗಿರಲಿಲ್ಲ. ಅದೇ ಮಾತನ್ನು ನನ್ನ ಬೀಗರು ಕೇಳಿದ್ದಾರೆ, ನಮ್ಮ ಓಣಿಯ ಕಿರಾಣಿ ಅಂಗಡಿಯವರು ಕೇಳಿದ್ದಾರೆ, ಕಾಲೇಜಿಗೆ ಹೋಗುವ ನನ್ನ ಮಗನೂ ಊಟಕ್ಕೆ ಕುಳಿತಾಗ ಕೇಳಿದ್ದಾನೆ. ಆದ್ದರಿಂದ ಎಲ್ಲರಿಗೂ ಒಟ್ಟಿಗೆ ಈ ಪತ್ರ. ನಿಂತ ಗಾಣದ ಶೆಡ್ಡೊಂದರಲ್ಲಿ ಮಾದಕ ವಸ್ತು ತಯಾರಿಸಿದರೆಂಬ ಈ ಪ್ರಕರಣವು ವಿಚಾರಣೆಯ ಹಂತದಲ್ಲಿರುವುದರಿಂದ, ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟು, ಕಕ್ಷಿದಾರರ ಒಪ್ಪಿಗೆ ಪಡೆದು, ಹೇಳಬಹುದಾದಷ್ಟನ್ನೇ ಹೇಳುತ್ತಿದ್ದೇನೆ.

ನಿಮ್ಮ ಭಯ ಸುಳ್ಳಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಗಡಿಯಾಚೆಯ ಸಾಂಗ್ಲಿ ಜಿಲ್ಲೆಯ ಕವಠೆ ಮಹಾಂಕಾಳ ತಾಲೂಕಿನ ಹಳ್ಳಿಯೊಂದರಲ್ಲಿ 2024ರ ಮಾರ್ಚ್ ತಿಂಗಳಲ್ಲಿ ಮುಂಬೈ ಪೊಲೀಸರು ಮೆಫೆಡ್ರೋನ್ ಎಂಬ ಮಾದಕ ವಸ್ತು ತಯಾರಿಸುವ ಘಟಕವನ್ನು ಪತ್ತೆ ಹಚ್ಚಿದರು. 2025ರ ಜುಲೈಯಲ್ಲಿ ಅದೇ ಮುಂಬೈ ಪೊಲೀಸರು ನಮ್ಮದೇ ರಾಜ್ಯದ ಮೈಸೂರಿಗೆ ಬಂದು ಇನ್ನೊಂದನ್ನು ಹಿಡಿದರು. ಊರ ಹೊರಗಿನ ಶೆಡ್ಡು, ಬಾಡಿಗೆಗೆ ಬಂದ ಪರವೂರಿನವರು, ರಾತ್ರಿ ಹೊತ್ತಿನ ಘಾಟು ವಾಸನೆ ಎಂದರೆ ಇನ್ನು ಮೇಲೆ ನಮ್ಮ ಹಳ್ಳಿಗಳಲ್ಲಿಯೂ ಜನ ತಿರುಗಿ ನೋಡುತ್ತಾರೆ, ನೋಡಬೇಕಾದದ್ದೇ. ಆದರೆ ಶೆಡ್ಡಿನ ಬಾಗಿಲು ಒಡೆದ ಮರುಕ್ಷಣದಿಂದ ಆರಂಭವಾಗುವ ಕೆಲಸ ಬೇರೆಯೇ ಇದೆ. ನನ್ನ ವೃತ್ತಿ ಆ ಕೆಲಸಕ್ಕೆ ಸೇರಿದ್ದು.

ಪ್ರಕರಣ ಇಷ್ಟು. ಮಹಾಲಿಂಗಪುರದ ಬೆಲ್ಲದ ಪೇಟೆಗೆ ಒಂದು ಕಾಲದಲ್ಲಿ ಗಾಡಿಗಟ್ಟಲೆ ಬೆಲ್ಲ ಕಳಿಸುತ್ತಿದ್ದ ರೈತ ಕುಟುಂಬವೊಂದು, ಕಬ್ಬೆಲ್ಲ ಸಕ್ಕರೆ ಕಾರ್ಖಾನೆಗಳಿಗೆ ಹೋಗಲಾರಂಭಿಸಿದ ಮೇಲೆ ತನ್ನ ಗಾಣದ ಶೆಡ್ಡನ್ನು ನಿಲ್ಲಿಸಿತ್ತು. ಮನೆಯ ಹಿರಿಯರು ಅದನ್ನು ಹನ್ನೊಂದು ತಿಂಗಳ ಕರಾರಿನ ಮೇಲೆ ಹೊರಗಿನವನೊಬ್ಬನಿಗೆ ಬಾಡಿಗೆಗೆ ಕೊಟ್ಟರು. ಆತ ಬೆಳೆಗೆ ಸಿಂಪಡಿಸುವ ಔಷಧ ತಯಾರಿಸುವುದಾಗಿ ಹೇಳಿ, ಡ್ರಮ್ಮು ತೊಳೆಯಲು ಇಂಡಿ ಕಡೆಯ ಕೂಲಿಕಾರನೊಬ್ಬನನ್ನು ದಿನಗೂಲಿಯ ಮೇಲೆ ಇಟ್ಟುಕೊಂಡ. ದಾಳಿಯಾದ ದಿನ ಆತ ಅಲ್ಲಿರಲಿಲ್ಲ, ಇಂದಿಗೂ ಸಿಕ್ಕಿಲ್ಲ. ಸಿಕ್ಕವರು ಇಬ್ಬರು: ಶೆಡ್ಡಿನ ಮಾಲೀಕರು ಮತ್ತು ಡ್ರಮ್ಮು ತೊಳೆಯುವವನು. ಇಬ್ಬರ ಮೇಲೂ ಹೊರಿಸಿರುವುದು, 1985ರ ಎನ್‌ಡಿಪಿಎಸ್ ಎಂಬ ಮಾದಕ ವಸ್ತು ನಿಯಂತ್ರಣ ಕಾಯ್ದೆಯ ಅಡಿಯಲ್ಲಿ, ವಾಣಿಜ್ಯ ಪ್ರಮಾಣದ, ಅಂದರೆ ಮಾರಾಟಕ್ಕೆಂದು ಕಾನೂನು ಪರಿಗಣಿಸುವಷ್ಟು ತೂಕದ, ಮಾದಕ ವಸ್ತುವಿನ ತಯಾರಿಕೆ ಮತ್ತು ಒಳಸಂಚಿನ ಆರೋಪ. ಸಾಬೀತಾದರೆ ಶಿಕ್ಷೆ ಹತ್ತು ವರ್ಷಕ್ಕಿಂತ ಕಡಿಮೆಯಾಗುವಂತಿಲ್ಲ, ಇಪ್ಪತ್ತು ವರ್ಷದವರೆಗೂ ಹೋಗಬಹುದು.

ಸ್ಥಳದಲ್ಲಿ ಸಾಕ್ಷಿಗಳಾಗಿ ನಿಂತ ಪಂಚರ ಎದುರು ಪೊಲೀಸರು ಬರೆದ ಪಂಚನಾಮೆಯ ನಾಲ್ಕನೆಯ ಪುಟದಲ್ಲಿ, ಜಪ್ತಿ ಮಾಡಿದ ವಸ್ತುಗಳ ಪಟ್ಟಿಯಲ್ಲಿ, "ಮಾದಕ ವಸ್ತು ತಯಾರಿಸಲು ಬಳಸುವ ಕಬ್ಬಿಣದ ದೊಡ್ಡ ಪಾತ್ರೆ, ಒಂದು" ಎಂದು ಬರೆದಿದೆ. ಅದನ್ನು ನೋಡಲು ನಾನೇ ಹೋಗಿದ್ದೆ. ಅದು ಬೆಲ್ಲದ ಕೊಪ್ಪರಿಗೆ. ನಾಲ್ಕು ಜನ ಹಿಡಿದರೂ ಏಳದಷ್ಟು ಭಾರ, ಅಂಚಿನಲ್ಲಿ ಎರಡು ಕಡೆ ಬೆಸುಗೆ, ತಳದಲ್ಲಿ ಕಲ್ಲಿನಂತೆ ಗಟ್ಟಿಯಾದ ಹಳೆಯ ಪಾಕ, ಅದರ ತುಂಬ ಇರುವೆ. ಕಬ್ಬಿನ ಹಾಲು ಕಾಯಿಸಿದ ಕೊಪ್ಪರಿಗೆಯನ್ನು ನಮ್ಮ ಭಾಗದಲ್ಲಿ ಚಿಕ್ಕ ಮಕ್ಕಳೂ ಗುರುತು ಹಿಡಿಯುತ್ತಾರೆ. ಇದು ಸಣ್ಣ ವಿಷಯವೆಂದು ನಿಮಗೆ ಅನ್ನಿಸಬಹುದು. ಕಾಯ್ದೆಯ 54ನೆಯ ಕಲಂ ಓದಿದರೆ ಹಾಗೆ ಅನ್ನಿಸುವುದಿಲ್ಲ. ಮಾದಕ ವಸ್ತು ತಯಾರಿಸಲೆಂದೇ ವಿಶೇಷವಾಗಿ ರೂಪಿಸಿದ ಸಲಕರಣೆ ಅಥವಾ ಅದಕ್ಕೆಂದೇ ಹೊಂದಿಸಿಕೊಂಡ ಪಾತ್ರೆಗಳು ಒಬ್ಬನ ಸ್ವಾಧೀನದಲ್ಲಿ ಸಿಕ್ಕು, ಅವು ಹೇಗೆ ಬಂದವೆಂದು ಆತ ಸಮಾಧಾನಕರ ವಿವರಣೆ ಕೊಡದೇ ಹೋದರೆ, ಆತನೇ ಅಪರಾಧ ಮಾಡಿದ್ದಾನೆಂದು ನ್ಯಾಯಾಲಯ ಭಾವಿಸಲು ಆ ಕಲಂ ಅವಕಾಶ ಕೊಡುತ್ತದೆ. ಹೀಗಾಗಿ ಪಂಚನಾಮೆಯಲ್ಲಿ "ಕೊಪ್ಪರಿಗೆ" ಎಂದು ಬರೆಯುವುದಕ್ಕೂ "ಮಾದಕ ವಸ್ತು ತಯಾರಿಸಲು ಬಳಸುವ ಪಾತ್ರೆ" ಎಂದು ಬರೆಯುವುದಕ್ಕೂ ನಡುವೆ ಒಬ್ಬ ಎಪ್ಪತ್ತು ದಾಟಿದ ಮನುಷ್ಯನ ಉಳಿದ ಆಯುಷ್ಯವೇ ಇದೆ. ಆ ಪುಟದ ಕೆಳಗೆ ಇಬ್ಬರು ಪಂಚರ ಸಹಿಗಳಿವೆ. ಇಬ್ಬರೂ ಕಬ್ಬು ಬೆಳೆಯುವವರು.

ಡ್ರಮ್ಮುಗಳ ಕಥೆಯೂ ಇದೇ ತರಹದ್ದು. ನೀಲಿ ಬಣ್ಣದ ಏಳು ಡ್ರಮ್ಮುಗಳಲ್ಲಿ ಎರಡನ್ನು ಬಿಡಿಯಾಗಿ ತೂಗಿ, ಉಳಿದ ಐದನ್ನು ಒಂದೇ ಸಾಲಿನಲ್ಲಿ "ಸುಮಾರು" ಎಂಬ ಶಬ್ದದೊಂದಿಗೆ ಮುಗಿಸಲಾಗಿದೆ. ಮೆಫೆಡ್ರೋನ್‌ಗೆ ಕಾನೂನು ಗೊತ್ತುಪಡಿಸಿದ ಅಲ್ಪ ಪ್ರಮಾಣ 2 ಗ್ರಾಂ, ವಾಣಿಜ್ಯ ಪ್ರಮಾಣ 50 ಗ್ರಾಂ. ಸರ್ವೋಚ್ಚ ನ್ಯಾಯಾಲಯವು 2020ರ ಹೀರಾ ಸಿಂಗ್ ಪ್ರಕರಣದಲ್ಲಿ, ಮಾದಕ ವಸ್ತುವಿನೊಂದಿಗೆ ಬೇರೆ ನಿರುಪದ್ರವಿ ಪದಾರ್ಥ ಬೆರೆತಿದ್ದರೆ ಇಡೀ ಮಿಶ್ರಣದ ತೂಕವನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದು ಹೇಳಿದೆ. ಅಂದರೆ ಒಂದು ಡ್ರಮ್ಮಿನ ದ್ರವದಲ್ಲಿ ಆ ವಸ್ತು ಇದೆಯೆಂದಾದರೆ ಡ್ರಮ್ಮಿಗೆ ಡ್ರಮ್ಮೇ ತೂಕಕ್ಕೆ ಸೇರುತ್ತದೆ. ಅದೇ ಡ್ರಮ್ಮಿನಲ್ಲಿ ಇರುವುದು ಸರಕಾರ ನಿಯಂತ್ರಿಸಿರುವ ರಾಸಾಯನಿಕ ಮಾತ್ರವಾಗಿದ್ದರೆ ಅನ್ವಯವಾಗುವ ಕಲಂ 25ಎ; ಅದರಲ್ಲಿ ಗರಿಷ್ಠ ಹತ್ತು ವರ್ಷವಿದ್ದರೂ ಕನಿಷ್ಠ ಶಿಕ್ಷೆಯ ಕಟ್ಟಿಲ್ಲ. ಸರಕಾರದ ಆ ನಿಯಂತ್ರಣ ಪಟ್ಟಿಯಲ್ಲಿಯೂ ಇಲ್ಲದ, ಪೇಟೆಯಲ್ಲಿ ಯಾರಿಗಾದರೂ ಸಿಗುವ ದ್ರಾವಕವಾಗಿದ್ದರೆ, ಅದನ್ನು ಇಟ್ಟುಕೊಂಡಿದ್ದೇ ಅಪರಾಧವಾಗುವುದಿಲ್ಲ. ಆದುದರಿಂದ ಯಾವ ಡ್ರಮ್ಮಿನಿಂದ, ಯಾರ ಎದುರು, ಯಾವಾಗ ಮಾದರಿ ತೆಗೆದರು ಎಂಬುದೇ ಇಂಥ ಪ್ರಕರಣದ ಬೆನ್ನೆಲುಬು. ಜಪ್ತಿಯಾದ ಮಾಲಿನ ಯಾದಿ ಮಾಡಿ, ಮ್ಯಾಜಿಸ್ಟ್ರೇಟರ ಸಮಕ್ಷಮ ಮಾದರಿ ತೆಗೆಯಬೇಕೆಂದು 52ಎ ಕಲಂ ಹೇಳುತ್ತದೆ. ಅದಕ್ಕೆ ವಿಳಂಬ ಮಾಡಬಾರದೆಂದು ಸರ್ವೋಚ್ಚ ನ್ಯಾಯಾಲಯ 2016ರ ಮೋಹನಲಾಲ್ ಪ್ರಕರಣದಲ್ಲಿ ಹೇಳಿತು. ಒಂದೊಂದು ಪೊಟ್ಟಣವನ್ನೂ ಹೇಗೆ ತೂಗಬೇಕು, ಹೇಗೆ ಮೊಹರು ಹಾಕಬೇಕು ಎಂಬುದಕ್ಕೆ 2022ರಲ್ಲಿ ಕೇಂದ್ರ ಸರಕಾರ ಪ್ರತ್ಯೇಕ ನಿಯಮಗಳನ್ನೇ ತಂದಿತು. ನಾನು ಇವುಗಳನ್ನು ನ್ಯಾಯಾಲಯದಲ್ಲಿ ಎತ್ತಿದರೆ ಹೊರಗೆ ಅದಕ್ಕೆ "ತಾಂತ್ರಿಕ ಕಾರಣ" ಎಂಬ ಹೆಸರು ಬೀಳುತ್ತದೆ. ನಿಮ್ಮ ಹತ್ತಿಯನ್ನು ಅಡತಿ ಅಂಗಡಿಯವರು ತೂಗದೆ "ಸುಮಾರು ಇಷ್ಟು" ಎಂದು ಬರೆದುಕೊಂಡರೆ ನೀವು ಅದನ್ನು ತಾಂತ್ರಿಕ ಕಾರಣವೆಂದು ಸುಮ್ಮನಾಗುತ್ತೀರಾ?

ಇನ್ನು ಕೂಲಿಕಾರನ ವಿಷಯ. ಅವನನ್ನು ಹಾಜರುಪಡಿಸಿದ ದಿನ ಅವನ ಹೆಂಡತಿ ಬೆಳಗಿನ ಬಸ್ಸಿಗೆ ಬಂದು, ರೊಟ್ಟಿ ಮತ್ತು ಶೇಂಗಾ ಚಟ್ನಿ ಕಟ್ಟಿದ ಬುತ್ತಿಯ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಬೇವಿನ ಮರದ ಕೆಳಗೆ ಕುಳಿತಿದ್ದಳು. ಅದೇ ಗಂಟಿನೊಳಗಿಂದ ನಾಲ್ಕಾಗಿ ಮಡಿಚಿದ ಒಂದು ಕಾಗದ ತೆಗೆದು ನನಗೆ ಕೊಟ್ಟಳು. ಅದರಲ್ಲಿ ಕಲಮುಗಳ ಸಂಖ್ಯೆಗಳಿದ್ದವು, ಬಂಧನದ ಕಾರಣವಿರಲಿಲ್ಲ. ಬಂಧಿಸಿದವನಿಗೆ ಕಾರಣ ತಿಳಿಸಬೇಕೆಂಬುದು ಸಂವಿಧಾನದ 22ನೆಯ ವಿಧಿಯ ಮಾತು. ತಿಳಿಸದೆ ಮಾಡಿದ ಬಂಧನ ಊರ್ಜಿತವಲ್ಲವೆಂದು 2025ರಲ್ಲಿ ವಿಹಾನ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಅವನ ಹೇಳಿಕೆಯೆಂದು ಬರೆದುಕೊಂಡ ಒಂದು ವಾಕ್ಯ: "ಸದರಿ ಸ್ಥಳದಲ್ಲಿ ಎಣ್ಣೆ ತಯಾರಿಸುತ್ತಿರುವುದು ನನಗೆ ಮೊದಲಿನಿಂದಲೂ ಗೊತ್ತಿತ್ತು."

ಅವನನ್ನು ಜೈಲಿನಲ್ಲಿ ಭೇಟಿಯಾದಾಗ ಕೇಳಿದೆ. "ಹೌದ್ರಿ, ಎಣ್ಣಿ ಮಾಡ್ತೇವಿ ಅಂದಿದ್ರು. ಹತ್ತಿಗಿ, ತೊಗರಿಗಿ ಹೊಡಿಯೂ ಎಣ್ಣಿ. ವಾಸನಿ ಬ್ಯಾರೆ ಬರತಿತ್ತು, ಖರೆ. ಎಲ್ಲಾ ಎಣ್ಣಿ ನಾರತಾವಲ್ರಿ" ಎಂದ. ನಮ್ಮ ಬಾಗಲಕೋಟೆ, ವಿಜಯಪುರದ ಹೊಲಗಳಲ್ಲಿ ಎಣ್ಣೆ ಹೊಡೆಯುವುದೆಂದರೆ ಕೀಟನಾಶಕ ಸಿಂಪಡಿಸುವುದು. ಬೆಂಗಳೂರಿನ ಕಡೆ ಎಣ್ಣೆ ಹೊಡೆಯುವುದೆಂದರೆ ಕುಡಿಯುವುದು, ನಶೆ ಮಾಡುವುದು. ಬರೆದುಕೊಂಡವರು ಯಾವ ಊರಿನವರೆಂದು ನಾನು ಇಲ್ಲಿ ಹೇಳುವುದಿಲ್ಲ, ಅವರಿಗೆ ದುರುದ್ದೇಶವಿತ್ತೆಂದೂ ಹೇಳುವುದಿಲ್ಲ. ಆದರೆ ಅದೇ ವಾಕ್ಯ, ಅವನನ್ನು ಬಂಧನದಲ್ಲಿಡಲು ಕೋರಿದ ರಿಮಾಂಡ್ ಅರ್ಜಿಗೆ ಬರುವ ಹೊತ್ತಿಗೆ "ಮಾದಕ ದ್ರವ ತಯಾರಿಸುತ್ತಿರುವುದು ಗೊತ್ತಿತ್ತು" ಎಂದಾಗಿತ್ತು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ವಿಚಾರಣೆಯಲ್ಲಿ ಸಾಕ್ಷ್ಯವಾಗುವುದಿಲ್ಲ ಎಂಬುದು ಹಳೆಯ ಕಾನೂನು. ಇದೇ ಕಾಯ್ದೆಯ ಅಧಿಕಾರ ಪಡೆದ ಬೇರೆ ಇಲಾಖೆಗಳ ಅಧಿಕಾರಿಗಳ ಮುಂದೆ ಕೊಟ್ಟದ್ದೂ ಆಗುವುದಿಲ್ಲವೆಂದು 2020ರಲ್ಲಿ ತೋಫಾನ್ ಸಿಂಗ್ ಪ್ರಕರಣದಲ್ಲಿ ಬಹುಮತದ ತೀರ್ಪು ಬಂದಿದೆ. ವಿಚಾರಣೆಯಲ್ಲಿ ಆಗುವುದಿಲ್ಲ, ನಿಜ. ಆದರೆ ಜಾಮೀನು ನಿರಾಕರಣೆಯಾದದ್ದು ಆ ಕಾಗದ ಕಡತದಲ್ಲಿದ್ದಾಗಲೇ.

ಜಾಮೀನು ಎಂದೆ. ಇತರ ಪ್ರಕರಣಗಳಂತೆ ಇಲ್ಲಿ ಜಾಮೀನು ಸಿಗುವುದಿಲ್ಲ. ವಾಣಿಜ್ಯ ಪ್ರಮಾಣವಿದ್ದರೆ, ಸರಕಾರಿ ಅಭಿಯೋಜಕರು ವಿರೋಧಿಸಿದಾಗ, ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಸಕಾರಣವಿದೆ, ಹೊರಗೆ ಬಂದರೆ ಮತ್ತೆ ಅಪರಾಧ ಮಾಡಲಾರ ಎಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕೆಂದು 37ನೆಯ ಕಲಂ ಹೇಳುತ್ತದೆ. ಸಾಕ್ಷಿಗಳ ವಿಚಾರಣೆ ಆಗುವ ಮೊದಲೇ ಇದನ್ನು ಮನಗಾಣಿಸುವುದೆಂದರೆ ಬಿತ್ತುವ ಮೊದಲೇ ಬೆಳೆ ತೋರಿಸಿದಂತೆ. ತನಿಖೆ ಮುಗಿಸಲು ಬೇರೆ ಪ್ರಕರಣಗಳಲ್ಲಿ 60 ಅಥವಾ 90 ದಿನಗಳಿದ್ದರೆ ಇಲ್ಲಿ 180 ದಿನ. ಅಭಿಯೋಜಕರ ವರದಿಯ ಮೇಲೆ ಅದು ಒಂದು ವರ್ಷದವರೆಗೂ ಬೆಳೆಯಬಹುದು. ವಿಚಾರಣೆ ಮಿತಿಮೀರಿ ತಡವಾದರೆ ಜಾಮೀನು ಕೊಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಮೊಹಮ್ಮದ್ ಮುಸ್ಲಿಂ ಪ್ರಕರಣದಲ್ಲಿ ಹೇಳಿರುವುದು ಒಂದು ಆಸರೆ. ಆ ಆಸರೆಯ ಮೇಲೆ ನಾವು ಧಾರವಾಡದ ಉಚ್ಚ ನ್ಯಾಯಾಲಯ ಪೀಠಕ್ಕೆ ಹೋಗಬೇಕಾದೀತು.

ಶೆಡ್ಡಿನ ಮಾಲೀಕರ ವಿಷಯ ನಿಮ್ಮೆಲ್ಲರಿಗೂ ಸಂಬಂಧಿಸಿದ್ದು, ಏಕೆಂದರೆ ಈ ಜಿಲ್ಲೆಯಲ್ಲಿ ನಿಂತ ಗಾಣ, ಖಾಲಿ ಗೋದಾಮು, ಮಗ್ಗ ಮಾರಿದ ಮೇಲೆ ಉಳಿದ ಕೋಣೆ ಇಲ್ಲದ ಊರಿಲ್ಲ. ತನ್ನ ಜಾಗವನ್ನು ಇಂಥ ಅಪರಾಧಕ್ಕೆ ಬಳಸಲು "ತಿಳಿದೂ" ಬಿಟ್ಟುಕೊಟ್ಟವನಿಗೆ 25ನೆಯ ಕಲಂ ಮೂಲ ಅಪರಾಧದಷ್ಟೇ ಶಿಕ್ಷೆ ವಿಧಿಸುತ್ತದೆ. ತಿಳಿದೂ ಎಂಬ ಆ ಒಂದು ಪದದ ಮೇಲೆ ಇಡೀ ಪ್ರಕರಣ ನಿಂತಿದೆ. ನನ್ನ ಕಕ್ಷಿದಾರರು ಬಾಡಿಗೆಯವನ ಆಧಾರ್ ಪ್ರತಿ ಇಟ್ಟುಕೊಂಡಿರಲಿಲ್ಲ, ಕರಾರು ಪತ್ರದಲ್ಲಿ ಆತನ ಊರಿನ ಹೆಸರು ತಪ್ಪಾಗಿತ್ತು, ಆದರೆ ತಿಂಗಳ ಬಾಡಿಗೆ ಬ್ಯಾಂಕಿನ ಖಾತೆಗೇ ಬರುತ್ತಿತ್ತು. ಅಜಾಗರೂಕತೆ ಎನ್ನಿ, ನಾನೂ ಅನ್ನುತ್ತೇನೆ. ಅವರ ಮುಖಕ್ಕೇ ಅಂದಿದ್ದೇನೆ. ಅಜಾಗರೂಕತೆಗೆ ಇಪ್ಪತ್ತು ವರ್ಷ ಎಂದು ಮಾತ್ರ ಕಾಯ್ದೆಯಲ್ಲಿ ಬರೆದಿಲ್ಲ.

ಆದರೆ ತಿಳಿದಿರಲಿಲ್ಲವೆಂದು ಹೇಳಿಬಿಟ್ಟರೆ ಮುಗಿಯಿತೇ? ಮುಗಿಯುವುದಿಲ್ಲ. ಈ ಕಾಯ್ದೆಯ ಕಠಿಣತೆ ಇರುವುದು ಇಲ್ಲಿಯೇ. ಕೊಲೆಯ ಪ್ರಕರಣದಲ್ಲಿಯೂ ಆರೋಪಿಯ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಸರಕಾರ ಸಾಬೀತು ಮಾಡಬೇಕು. ಇಲ್ಲಿ ಮಾತ್ರ 35ನೆಯ ಕಲಂ ಪ್ರಕಾರ ಅಪರಾಧದ ಮನಸ್ಸು ಇತ್ತೆಂದೇ ನ್ಯಾಯಾಲಯ ಹಿಡಿದುಕೊಂಡು ಹೊರಡುತ್ತದೆ, ಇರಲಿಲ್ಲವೆಂಬುದನ್ನು ಆರೋಪಿಯೇ ಸಂಶಯಾತೀತವಾಗಿ ತೋರಿಸಬೇಕು. ಸರ್ವೋಚ್ಚ ನ್ಯಾಯಾಲಯವು 2008ರ ನೂರ್ ಆಗಾ ಪ್ರಕರಣದಲ್ಲಿ ಈ ಕಲಂ ಸಂವಿಧಾನಬದ್ಧವೆಂದು ಎತ್ತಿಹಿಡಿದರೂ, ಸ್ವಾಧೀನ, ಜಪ್ತಿ, ಮಾದರಿ ಮುಂತಾದ ಮೂಲ ಸಂಗತಿಗಳನ್ನು ಸರಕಾರ ಮೊದಲು ಸಂಶಯಾತೀತವಾಗಿ ಸ್ಥಾಪಿಸಿದ ಮೇಲೆಯೇ ಹೊರೆ ಆರೋಪಿಯ ತಲೆಗೆ ಬರುತ್ತದೆಂದು ಕಟ್ಟು ಹಾಕಿತು. ಆರೋಪಿಗೆ ಉಳಿದಿರುವ ಬಾಗಿಲು ಅದೊಂದೇ, ಆ ಬಾಗಿಲಿನ ಹೆಸರು ಪಂಚನಾಮೆ. ಕೊಪ್ಪರಿಗೆಯ ತಳದ ಪಾಕವನ್ನೂ ಪರೀಕ್ಷೆಗೆ ಕಳಿಸಬೇಕೆಂದು ನಾನು ಅರ್ಜಿ ಹಾಕಿರುವುದು ಇದೇ ಕಾರಣಕ್ಕೆ.

ಹಾಗಾದರೆ ನಾನು ವಕಾಲತ್ತು ಹಾಕಿದವರೆಲ್ಲ ನಿರಪರಾಧಿಗಳೇ ಎಂದು ಕೇಳಿದರೆ, ಅಲ್ಲ. ಮಾಲು ಮಾರಿದವನೇ ಎಂದು ನನಗೆ ಬಲವಾಗಿ ಅನ್ನಿಸಿದವರ ಪರವಾಗಿಯೂ ನಾನು ವಾದಿಸಿದ್ದೇನೆ, ಗೆದ್ದದ್ದೂ ಉಂಟು. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲವೆಂಬುದನ್ನೂ ಮುಚ್ಚಿಡುವುದಿಲ್ಲ. ತಪ್ಪಿತಸ್ಥನೆಂದು ತನಗೆ ಏನೇ ಅನ್ನಿಸಿದರೂ ಆರೋಪಿಯ ಪರ ನಿಲ್ಲಬೇಕೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ಹೇಳುತ್ತವೆ. ಯಾರೂ ವಕಾಲತ್ತು ಹಾಕಬಾರದೆಂದು ವಕೀಲರ ಸಂಘಗಳು ಮಾಡುವ ನಿರ್ಣಯಗಳು ಅಸಿಂಧುವೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಮೊಹಮ್ಮದ್ ರಫಿ ಪ್ರಕರಣದಲ್ಲಿ ಹೇಳಿತ್ತು. ಆದರೂ 2020ರಲ್ಲಿ ನೆರೆಯ ಹುಬ್ಬಳ್ಳಿಯಲ್ಲಿ, ಬೇರೊಂದು ಬಗೆಯ ಪ್ರಕರಣದಲ್ಲಿ, ಅಂಥದೇ ನಿರ್ಣಯವಾಗಿ, ಉಚ್ಚ ನ್ಯಾಯಾಲಯ ಅಸಮಾಧಾನ ವ್ಯಕ್ತಪಡಿಸಿದ ಮೇಲೆ ಅದನ್ನು ಬದಲಿಸಬೇಕಾಯಿತು. ಈಗ ನಮ್ಮಲ್ಲಿಯೂ ಕೆಲವು ಕಿರಿಯ ವಕೀಲ ಮಿತ್ರರು ಅಂಥ ಮಾತಾಡುತ್ತಿದ್ದಾರೆ. ಅವರಲ್ಲಿ ಒಬ್ಬರಂತೂ 50ನೆಯ ಕಲಂ ಪಾಲಿಸಿಲ್ಲವೆಂಬ ಒಂದೇ ಮಾತಿನಿಂದ ನಾನು ಈ ಪ್ರಕರಣ ಗೆಲ್ಲುತ್ತೇನೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಆ ಕಲಂ ಮೈ ಝಡತಿಗೆ, ಅಂದರೆ ವ್ಯಕ್ತಿಯ ಮೈ ತಪಾಸಣೆಗೆ ಸಂಬಂಧಿಸಿದ್ದು, ಶೆಡ್ಡಿನ ಶೋಧನೆಗೆ ಅನ್ವಯವಾಗುವುದಿಲ್ಲ ಎಂದು ಇಲ್ಲಿಂದಲೇ ಅವರಿಗೆ ತಿಳಿಸಬಯಸುತ್ತೇನೆ.

ನಿಮ್ಮಿಂದ ನನಗೆ ಬೇಕಾದದ್ದನ್ನು ಕೇಳುವ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕಾನೂನು ಓದುತ್ತಿದ್ದ ಕಾಲದಲ್ಲಿ, ಒಂದು ಸಂಜೆ ಪರಿಚಯದ ಪೊಲೀಸರೊಬ್ಬರು ಕರೆದರೆಂದು ಠಾಣೆಯೊಂದಕ್ಕೆ ಹೋಗಿ, ಓಸಿ ಜೂಜಿನ ಪ್ರಕರಣದಲ್ಲಿ ಪಂಚನಾಗಿ ನಾಲ್ಕು ಖಾಲಿ ಹಾಳೆಗಳ ಮೇಲೆ ಸಹಿ ಮಾಡಿ, ಅವರು ತರಿಸಿದ ಚಹಾ ಕುಡಿದು ಬಂದಿದ್ದೆ. ನಾಲ್ಕು ವರ್ಷದ ನಂತರ ಸಮನ್ಸ್ ಬಂತು. ಅಷ್ಟರಲ್ಲಿ ನಾನು ಕರಿ ಕೋಟು ಹಾಕಿಕೊಂಡಾಗಿತ್ತು. ಸಾಕ್ಷಿ ಕಟ್ಟೆಯಲ್ಲಿ ನಿಂತು, ಈ ಸಹಿ ನಿಮ್ಮದೇ ಎಂದರೆ ಹೌದೆಂದೆ, ಹಣ ನಿಮ್ಮೆದುರು ಎಣಿಸಿದರೇ ಎಂದರೆ ನೆಲ ನೋಡಿದೆ. ಅಂದು ಆ ಮನುಷ್ಯ ಬಿಡುಗಡೆಯಾದ. ಅವನು ಚೀಟಿ ಬರೆಯುತ್ತಿದ್ದನೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ, ಮತ್ತು ಅದು ಯಾರಿಗೂ ಗೊತ್ತಾಗದಂತೆ ಮಾಡಿದವನು ನಾನು.

ನಿಮ್ಮನ್ನು ಪಂಚರಾಗಿ ಕರೆದರೆ ತಪ್ಪದೇ ಹೋಗಿರಿ. ಲಿಖಿತ ಆದೇಶದ ಮೇಲೆ ಕರೆದಾಗ ಸಕಾರಣವಿಲ್ಲದೆ ನಿರಾಕರಿಸುವುದು ಅಪರಾಧವೂ ಹೌದು. ಆದರೆ ಹೋದ ಮೇಲೆ ಎದುರಿನ ವಸ್ತುವನ್ನು ನಿಮ್ಮ ಕಣ್ಣಿನಿಂದ ನೋಡಿರಿ, ತೂಕದ ಮುಳ್ಳನ್ನು ನೋಡಿರಿ, ಡ್ರಮ್ಮುಗಳನ್ನು ಒಂದೊಂದಾಗಿ ಎಣಿಸಿರಿ, ಮೊಹರು ಹಾಕುವಾಗ ಹತ್ತಿರವೇ ನಿಲ್ಲಿರಿ, ಬರೆದದ್ದನ್ನು ಓದಿಸಿಕೊಂಡು ಕೇಳಿರಿ. ಕೊಪ್ಪರಿಗೆಯನ್ನು ಕೊಪ್ಪರಿಗೆಯೆಂದೇ ಬರೆಯಿರಿ ಎಂದು ಹೇಳಲು ಸಂಕೋಚಪಡಬೇಡಿರಿ. ಅಪರಾಧ ಪ್ರಕರಣಗಳ ಕಾರ್ಯವಿಧಾನ ಹೇಳುವ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಕಲಂ ಪ್ರಕಾರ ಶೋಧನೆ ಮತ್ತು ಜಪ್ತಿಯನ್ನು ಧ್ವನಿ ಸಹಿತ ಚಿತ್ರೀಕರಿಸಿ ಮ್ಯಾಜಿಸ್ಟ್ರೇಟರಿಗೆ ವಿಳಂಬವಿಲ್ಲದೆ ಕಳಿಸಬೇಕು. ಚಿತ್ರೀಕರಣ ನಡೆಯುತ್ತಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ. ಇಷ್ಟಾದರೆ, ನಿಜವಾಗಿ ಆ ವಿಷ ತಯಾರಿಸಿದವನನ್ನು ಬಿಡಿಸಿಕೊಂಡು ಬರಲು ನನ್ನಂಥ ವಕೀಲನಿಗೆ ಕೈಗೆ ಸಿಗುವ ಸಂದುಗಳೇ ಉಳಿಯುವುದಿಲ್ಲ, ಡ್ರಮ್ಮು ತೊಳೆದವನು ವರ್ಷಗಟ್ಟಲೆ ಒಳಗೆ ಕೊಳೆಯುವುದೂ ಇಲ್ಲ. ಹಗೆ ತೀರಿಸಿಕೊಳ್ಳಲು ಸುಳ್ಳು ಮಾಹಿತಿ ಕೊಟ್ಟು ದಾಳಿ ಮಾಡಿಸುವವರಿಗೆ ಇದೇ ಕಾಯ್ದೆಯ 58ನೆಯ ಕಲಂ ಎರಡು ವರ್ಷದವರೆಗೆ ಶಿಕ್ಷೆ ಇಟ್ಟಿದೆ ಎಂಬುದೂ ನೆನಪಿರಲಿ.

ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಸರಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯಲು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹಕ್ಕು ಕೊಟ್ಟಿದೆ. ಸಹಾಯವಾಣಿಯ ಸಂಖ್ಯೆ 15100. ಇಂಡಿಯ ಆ ಹೆಣ್ಣುಮಗಳಿಗೆ ಇದು ಗೊತ್ತಿರಲಿಲ್ಲ; ನನ್ನ ಬಳಿ ಬರುವ ಮೊದಲು ಅವಳು ಕಿವಿಯ ಬೆಂಡೋಲೆ ಒತ್ತೆ ಇಟ್ಟಾಗಿತ್ತು. ಅದನ್ನು ಬಿಡಿಸಿಕೊಳ್ಳಲು ಹೇಳಿದ್ದೇನೆ.

ಚಹಾದ ಅಂಗಡಿಯ ಮುಂದೆ ಪ್ರಶ್ನೆ ಕೇಳಿದ ಹಿರಿಯರಿಗೆ ಒಂದು ಮಾತು. ಮುಂದಿನ ತಾರೀಖಿಗೆ ಪಂಚರ ಪಾಟಿಸವಾಲು ಇದೆ. ತೆರೆದ ನ್ಯಾಯಾಲಯ, ಯಾರೂ ಬಂದು ಕೂರಬಹುದು. ಹಿಂದಿನ ಬೆಂಚಿನಲ್ಲಿ ಜಾಗವಿರುತ್ತದೆ. ಹನ್ನೊಂದು ಗಂಟೆಗೆ ಮೊದಲೇ ಬಂದು, ಮೊಬೈಲ್ ಬಂದ್ ಮಾಡಿಕೊಂಡು ಕುಳಿತುಕೊಳ್ಳಿರಿ. ಕೊಪ್ಪರಿಗೆಯ ಫೋಟೋ ತೋರಿಸಿ, ಇದೇನೆಂದು ನಾನು ಪಂಚರನ್ನು ಕೇಳುವವನಿದ್ದೇನೆ.

ನಿಮ್ಮ ವಿಶ್ವಾಸಿ,
ಜಿಲ್ಲೆಯ ಒಬ್ಬ ವಕೀಲ
ಬಾಗಲಕೋಟೆ